ಮಗಳು ಒಪಿಡಿ ಬಿಡುತ್ತಾಳೆಂದು ಬೇಸರಪಟ್ಟ ಮೇಷ್ಟ್ರಿಗೆ

ಕಳೆದ ಸಂಚಿಕೆಯಲ್ಲಿ ನಾವು ಆಸ್ಪತ್ರೆಯ ಕೆಲಸದಿಂದ ವಿಶ್ವವಿದ್ಯಾಲಯಗಳ ತಂತ್ರಜ್ಞಾನ ವರ್ಗಾವಣೆ ಕಚೇರಿಗಳಿಗೆ ಹೋದ ವೈದ್ಯರ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಮಧುಗಿರಿ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಅವರ ಮಗಳು ಸರ್ಕಾರಿ ಸೀಟಿನಲ್ಲಿ ಎಂಬಿಬಿಎಸ್ ಓದಿ, ಮಕ್ಕಳ ವಿಭಾಗದಲ್ಲಿ ಎಂಡಿ ಮುಗಿಸಿ, ಈಗ ಕೋಲಾರದ ಕಡೆ ಕೆಲಸದಲ್ಲಿದ್ದಾರೆ. ಒಂದು ವಿಶ್ವವಿದ್ಯಾಲಯ ತನ್ನ ಸಂಶೋಧನೆಗಳನ್ನು ಉದ್ಯಮಕ್ಕೆ ತಲುಪಿಸುವ ಕಚೇರಿ ಕಟ್ಟಲು ಅವರನ್ನು ಕರೆದಿದೆ. ಅವರೂ ಹೊರಟು ನಿಂತಿದ್ದಾರೆ. ಪತ್ರದ ಒಂದು ಭಾಗ ಹೀಗಿದೆ: "ಹಳ್ಳಿಯವರ ತೆರಿಗೆ ದುಡ್ಡಿನಲ್ಲಿ ಓದಿದವಳು ಹಳ್ಳಿಯ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಡುವುದು ಬಿಟ್ಟು, ವಿದ್ಯೆ ಮಾರಲು ಹೋಗುತ್ತಾಳಂತೆ. ನೀವು ಅದನ್ನೇ ದೊಡ್ಡ ಸಾಧನೆ ಎಂದು ಬರೆದಿದ್ದೀರಿ. ನನಗೆ ಉತ್ತರ ಬೇಕು."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೋಪದ ಕಾಗದಗಳು ನಮಗೆ ಬರುತ್ತಲೇ ಇರುತ್ತವೆ. ನಿಮ್ಮ ಕೋಪದ ಒಳಗೆ ಊರಿನ ಋಣದ ನೆನಪಿದೆ, ಮಗಳ ಮೇಲಿನ ಹೆಮ್ಮೆಯೂ ಇದೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ಹೋಗಲಿ. ಯಾಕೆ ಎಂದು ಹೇಳಬೇಕಾದರೆ ನಿಮ್ಮನ್ನು ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಕೆಲವು ವರ್ಷಗಳ ಹಿಂದೆ ಹಾವು ಕಡಿತದ ಬಗ್ಗೆ ಲೇಖನ ಮಾಡಲು ಅಲ್ಲಿಗೆ ಹೋಗಿದ್ದೆ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದು ನಿಂತುಹೋಗುತ್ತದೆ. ಅದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ರೋಗಿಯ 2 ಮಿ.ಲೀ. ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಬೇಕು. ರಕ್ತ ಗಟ್ಟಿಯಾಗಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಸೇರಿದೆ, ವಿಷ ನಿರೋಧಕ ಇಂಜೆಕ್ಷನ್ ಶುರು ಮಾಡಬೇಕು. ಕೇಳಲು ಎಷ್ಟು ಸುಲಭ! ರಾತ್ರಿ ಎರಡು ಗಂಟೆಗೆ ಒಬ್ಬರೇ ನರ್ಸ್ ಇರುವ ವಾರ್ಡಿನಲ್ಲಿ ಇದು ದಾರಿ ತಪ್ಪುವುದೂ ಅಷ್ಟೇ ಸುಲಭ. ಗಾಜಿನ ಬದಲು ಪ್ಲಾಸ್ಟಿಕ್ ಟ್ಯೂಬ್ ಕೈಗೆ ಸಿಗುತ್ತದೆ. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ರೋಗಿಯ ಕಡೆಯವರು ಗಾಬರಿಯಿಂದ ಹತ್ತನೇ ನಿಮಿಷಕ್ಕೇ ಎತ್ತಿ ನೋಡುತ್ತಾರೆ.

ಅಲ್ಲಿನ ಡಾಕ್ಟರು ಇದಕ್ಕೊಂದು ಉಪಾಯ ಮಾಡಿದ್ದರು. ಊರಿನ ಬಡಗಿಯ ಕೈಲಿ ಒಂದು ಬೇವಿನ ಹಲಗೆಗೆ ಐದು ತೂತು ಕೊರೆಸಿದ್ದರು. ಗಾಜಿನ ಟ್ಯೂಬ್ ಮಾತ್ರ ಕೂರುವ ಅಳತೆ, ಪ್ಲಾಸ್ಟಿಕ್ಕಿನದು ಇಟ್ಟರೆ ವಾಲಿಬಿಡುತ್ತಿತ್ತು. ಒಂದೊಂದು ತೂತಿನ ಕೆಳಗೂ ಹೊತ್ತು ಬರೆಯಲು ಅಂಗೈಯಗಲದ ಸ್ಲೇಟಿನ ಚೂರು. ಪಕ್ಕದಲ್ಲಿ ಅಡುಗೆಮನೆಯ ಟೈಮರ್. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬರು ಒಂದು ಹಿತ್ತಾಳೆಯ ಕೊಂಡಿ ಮಾಡಿಕೊಟ್ಟಿದ್ದರು. 20 ನಿಮಿಷ ಆಗುವ ತನಕ ಟ್ಯೂಬನ್ನು ಯಾರೂ ಎತ್ತುವ ಹಾಗಿರಲಿಲ್ಲ. ಗಂಟೆ ಹೊಡೆದ ಮೇಲೆ ಹಿಡಿ ಎಳೆದರೆ ಟ್ಯೂಬು ಪ್ರತಿ ಸಲವೂ ಅಷ್ಟೇ ಬಾಗುತ್ತಿತ್ತು. ನರ್ಸಮ್ಮ ನನಗೆ ಅದನ್ನು ಎಳೆದು ತೋರಿಸಿದಾಗ ಅವರ ಮುಖದಲ್ಲಿದ್ದ ಸಂತೋಷ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಆ ಹಲಗೆ ಎಲ್ಲಿದೆ ಗೊತ್ತೇ? ಅದೇ ಆಸ್ಪತ್ರೆಯ ಅದೇ ಕಿಟಕಿಯಲ್ಲಿ. ಪಾವಗಡಕ್ಕೆ ಹೋಗಲಿಲ್ಲ, ಶಿರಾಕ್ಕೆ ಹೋಗಲಿಲ್ಲ, ಗೌರಿಬಿದನೂರಿಗೆ ಹೋಗಲಿಲ್ಲ. ಡಾಕ್ಟರು ಖುಷಿಯಿಂದ ಒಂದು ವೈದ್ಯ ಸಮ್ಮೇಳನದಲ್ಲಿ ಫೋಟೊ ಸಮೇತ ಪ್ರಬಂಧ ಓದಿದರು. ಹದಿನಾಲ್ಕು ತಿಂಗಳ ಮೇಲೆ ಉಪಕರಣ ತಯಾರಿಸುವ ಒಬ್ಬರು ವಿಚಾರಿಸಿಕೊಂಡು ಬಂದರು. ಅಚ್ಚು ಮಾಡಿಸಬೇಕು, ಪರೀಕ್ಷೆ ಮಾಡಿಸಬೇಕು, ಪರವಾನಗಿ ತರಬೇಕು, ಅಷ್ಟೆಲ್ಲ ಹಣ ಸುರಿದ ಮೇಲೆ ಪಕ್ಕದವನು ನಕಲು ಮಾಡಿದರೆ ಏನು ಗತಿ, ಪೇಟೆಂಟ್ ಇದೆಯೇ ಎಂದು ಕೇಳಿದರು. ಇರಲಿಲ್ಲ. ಬಹಿರಂಗವಾದ ಸಂಗತಿಗೆ ಸಾಮಾನ್ಯವಾಗಿ ಪೇಟೆಂಟ್ ಸಿಗುವುದಿಲ್ಲ. ಸಂಶೋಧಕ ತಾನೇ ವಿದ್ವತ್ ಸಭೆಯಲ್ಲಿ ಪ್ರಬಂಧ ಓದಿದ್ದರೆ, ಅಲ್ಲಿಂದ 12 ತಿಂಗಳೊಳಗೆ ಅರ್ಜಿ ಹಾಕಲು ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ 12 ತಿಂಗಳೂ ಕಳೆದುಹೋಗಿದ್ದವು. ಹೇಳುವವರು ಯಾರೂ ಇರಲಿಲ್ಲ. ಬಂದವರು ಕಾಫಿ ಕುಡಿದು ಹೊರಟುಹೋದರು. ಅರ್ಜಿ ಹಾಕಿದ್ದರೂ ಅದಕ್ಕೆ ಪೇಟೆಂಟ್ ಸಿಕ್ಕೇ ಸಿಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಕೇಳುವ ಹಕ್ಕೇ ಕೈಬಿಟ್ಟು ಹೋಯಿತಲ್ಲ, ನನ್ನ ಸಂಕಟ ಅದು.

ಡಾಕ್ಟರಿಗೆ ಹಾವು ಗೊತ್ತಿತ್ತು, ರೋಗಿ ಗೊತ್ತಿತ್ತು. ವಕೀಲರಿಗೆ ಕಾಯ್ದೆ ಗೊತ್ತಿತ್ತು. ಬಂದ ಉದ್ಯಮಿಗೆ ಅಚ್ಚಿನ ಲೆಕ್ಕ ಗೊತ್ತಿತ್ತು. ಈ ಮೂವರ ಮಾತನ್ನೂ ಬಲ್ಲ ಒಬ್ಬರು ನಡುವೆ ಇರಲಿಲ್ಲ. ನಿಮ್ಮ ಮಗಳನ್ನು ಕರೆದಿರುವುದು ಆ ಜಾಗಕ್ಕೆ. ನಮ್ಮ ಹಳ್ಳಿಗಳಲ್ಲಿ ಎಮ್ಮೆ ಕಟ್ಟಿ ಹಾಲು ಕರೆಯುವವರು ಎಷ್ಟೇ ಇದ್ದರೂ, ಬೆಳಗಿನ ಜಾವ ಡೇರಿ ಬಾಗಿಲು ತೆಗೆದು, ಫ್ಯಾಟು ನೋಡಿ, ಕ್ಯಾನಿಗೆ ಹಾಕಿಸಿ, ಲಾರಿ ಹತ್ತಿಸುವ ಸೆಕ್ರೆಟರಿ ಇಲ್ಲದಿದ್ದರೆ ಆ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತದೆ. ಅವರನ್ನು ಹಾಲು ಮಾರಿಕೊಂಡವರು ಎಂದು ಊರಿನಲ್ಲಿ ಯಾರೂ ಹಳಿಯುವುದಿಲ್ಲ.

ಹೀಗೆ ತಡವಾಗಿ ಎಚ್ಚರಗೊಂಡದ್ದು ನಮ್ಮ ತಾಲ್ಲೂಕು ಆಸ್ಪತ್ರೆ ಮಾತ್ರವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೋಹೆನ್ ಓದಿದ್ದು ವೈದ್ಯಕೀಯ. ಅವರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ಅವರೂ ಸೇರಿ, ಒಂದು ಜೀವಿಯ ಡಿಎನ್ಎ ತುಂಡನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವ ವಿಧಾನವನ್ನು 1973ರ ನವೆಂಬರಿನಲ್ಲಿ ಪ್ರಕಟಿಸಿದರು. ಪೇಟೆಂಟಿನ ಯೋಚನೆ ಅವರಿಗೆ ಇರಲಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ 1970ರಲ್ಲಿ ಲೈಸೆನ್ಸಿಂಗ್ ಕಚೇರಿ, ಅಂದರೆ ಸಂಶೋಧನೆಯನ್ನು ಬಳಸಲು ಕಂಪನಿಗಳಿಗೆ ಅನುಮತಿ ಕೊಡುವ ಕಚೇರಿ, ಶುರು ಮಾಡಿದ್ದ ನೀಲ್ಸ್ ರೈಮರ್ಸ್ ಎಂಬುವರು ಮುಂದಿನ ವರ್ಷ ಈ ಸುದ್ದಿಯನ್ನು ದಿನಪತ್ರಿಕೆಯಲ್ಲಿ ನೋಡಿ ಕೋಹೆನ್ ಅವರಿಗೆ ಫೋನ್ ಮಾಡಿದರು. ಮೂಲ ವಿಜ್ಞಾನಕ್ಕೆ ಪೇಟೆಂಟ್ ಯಾಕೆ ಎಂದು ಕೋಹೆನ್ ಹಿಂಜರಿದರು. ನೀವು ಇವತ್ತು ಕೇಳುತ್ತಿರುವ ಪ್ರಶ್ನೆಯೇ ಅದು, ಮೇಷ್ಟ್ರೇ. ಕೊನೆಗೆ ಒಪ್ಪಿದರು. ಅಮೆರಿಕದ ಒಂದು ವರ್ಷದ ಗಡುವು ಮುಗಿಯಲು ಒಂದು ವಾರವಿದ್ದಾಗ, 1974ರ ನವೆಂಬರ್ 4ರಂದು ಅರ್ಜಿ ಬಿತ್ತು. ಮೊದಲೇ ಪ್ರಕಟವಾಗಿದ್ದರಿಂದ ಹೊರದೇಶಗಳ ಹಕ್ಕು ಹೋಯಿತು, ಅಮೆರಿಕದ್ದು ಮಾತ್ರ ಉಳಿಯಿತು. 1980ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಒಂದೇ ಕಂಪನಿಗೆ ಬರೆದುಕೊಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ 468 ಕಂಪನಿಗಳು ಲೈಸೆನ್ಸ್ ಪಡೆದಿದ್ದವು. ಎರಡೂ ವಿಶ್ವವಿದ್ಯಾಲಯಗಳಿಗೆ ಸೇರಿ ಸುಮಾರು 25.5 ಕೋಟಿ ಡಾಲರ್ ಬಂತು. ಈಗ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ತಯಾರಾಗುವುದು ಇದೇ ವಿದ್ಯೆಯ ಬಲದಿಂದ.

ಅದೇ 1980ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬೇ-ಡೋಲ್ ಕಾಯ್ದೆ ಬಂತು. ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು ಎಂದಾಯಿತು. ನಮ್ಮಲ್ಲೂ 2008ರಲ್ಲಿ ಅಂಥ ಮಸೂದೆ ರಾಜ್ಯಸಭೆಗೆ ಬಂತು, ಆದರೆ ಕಾಯ್ದೆಯಾಗಲಿಲ್ಲ. ಹಾಗಾಗಿ ನಮ್ಮಲ್ಲಿ ಒಂದೊಂದು ಸಂಸ್ಥೆಯೂ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಇದನ್ನು ನೆನಪಿಡಿ, ಮಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಅಮೆರಿಕದ ಕಥೆ ನಮಗ್ಯಾಕೆ ಎನ್ನುತ್ತೀರಿ. ಸರಿ, ತಿರುವನಂತಪುರಕ್ಕೆ ಬನ್ನಿ. ಡಾ. ಎಂ.ಎಸ್. ವಲಿಯತ್ತಾನ್ ಹೃದಯದ ಶಸ್ತ್ರಚಿಕಿತ್ಸಕರು. ಅಲ್ಲಿನ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ನಿರ್ದೇಶಕರಾಗಿ, ಡಾಕ್ಟರುಗಳ ಜೊತೆಗೆ ಎಂಜಿನಿಯರುಗಳನ್ನೂ ಕೆಲಸಕ್ಕೆ ಹಚ್ಚಿದರು. ಬಾಲ್ಯದಲ್ಲಿ ಬಂದ ಗಂಟಲುನೋವು ಮುಂದೆ ಕೀಲುಜ್ವರವಾಗಿ ಹೃದಯದ ಕವಾಟ ಕೆಡಿಸುವುದು ಬಡವರ ಮಕ್ಕಳಲ್ಲೇ ಹೆಚ್ಚು. ವಿದೇಶಿ ಕವಾಟದ ಬೆಲೆ ಅವರ ಕೈಗೆ ಎಟುಕುತ್ತಿರಲಿಲ್ಲ. ಮೊದಲು ಮಾಡಿದ ಮೂರು ಮಾದರಿಗಳು ಒಂದಾದ ಮೇಲೊಂದು ಸೋತವು. ನಾಲ್ಕನೆಯದರಲ್ಲಿ ಲೋಹದ ಚೌಕಟ್ಟಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಟ್ಟರು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಕೂರಿಸಿದರು. ಟಿಟಿಕೆ ಕಂಪನಿ ತಯಾರಿಸಿತು. ಇಲ್ಲಿಯವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯೊಳಗೆ ಅದು ಬಡಿದಿದೆ. ಮುಂದೆ ವಲಿಯತ್ತಾನ್ ಅವರು ನಮ್ಮ ಮಣಿಪಾಲದ ವಿಶ್ವವಿದ್ಯಾಲಯದಲ್ಲೇ ಕುಲಪತಿಯಾಗಿದ್ದರು. ಒಬ್ಬ ಸರ್ಜನ್ ದಿನಕ್ಕೆ ಎರಡು ಆಪರೇಷನ್ ಮಾಡಿದರೂ ಜೀವಮಾನದಲ್ಲಿ ಒಂದು ಲಕ್ಷ ಮುಟ್ಟುವುದಿಲ್ಲ, ಮೇಷ್ಟ್ರೇ. ನೀವು ಗಣಿತ ಹೇಳಿಕೊಟ್ಟವರು, ಲೆಕ್ಕ ಹಾಕಿ ನೋಡಿ.

ನಿಮ್ಮ ಮಗಳು ಮಕ್ಕಳ ಡಾಕ್ಟರಾದ್ದರಿಂದ ಇನ್ನೊಬ್ಬ ಮಕ್ಕಳ ಡಾಕ್ಟರ ವಿಷಯ ಹೇಳದೆ ಇರಲಾರೆ. ಮನೆಯಲ್ಲಿ ಮೊಮ್ಮಗುವಿನ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಆರನೇ ವಾರದ ಲಸಿಕೆಗಳ ಸಾಲಿನಲ್ಲಿ ರೋಟಾ ವೈರಸ್ ಎಂದಿರುತ್ತದೆ. ಎಳೆಮಕ್ಕಳಿಗೆ ಬರುವ ಭೇದಿಗೆ, ನೀರಿನಂಶ ಬತ್ತಿ ಕಣ್ಣು ಗುಳಿಬೀಳುವ ಆ ಭೇದಿಗೆ, ದೊಡ್ಡ ಕಾರಣ ಈ ವೈರಸ್. 1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ನವಜಾತ ಶಿಶುಗಳ ಕೋಣೆಯಲ್ಲಿ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಅವರ ಜೊತೆಯವರಿಗೆ ಒಂದು ವಿಚಿತ್ರ ಕಂಡಿತು. ಶಿಶುಗಳ ಮಲದಲ್ಲಿ ರೋಟಾ ವೈರಸ್ ಇದೆ, ಆದರೆ ಮಕ್ಕಳಿಗೆ ಭೇದಿಯೇ ಇಲ್ಲ! ಕಾಯಿಲೆ ಇಲ್ಲವಲ್ಲ, ಸದ್ಯ ಬಚಾವು ಎಂದು ಅವರು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಆ ಮಕ್ಕಳ ಬೆನ್ನು ಹಿಡಿದು ನೋಡಿದರೆ, ಮುಂದೆಯೂ ಅವರಿಗೆ ರೋಟಾ ವೈರಸ್ಸಿನ ಜೋರು ಭೇದಿ ಬರುವುದು ಕಡಿಮೆಯಾಗಿತ್ತು. ಪ್ರಕೃತಿಯೇ ಸೌಮ್ಯ ಮಾಡಿಟ್ಟ ಆ ವೈರಸ್ ತಳಿಗೆ 116ಇ ಎಂದು ಹೆಸರಾಯಿತು.

ಇದು ಒಂದು ಒಳ್ಳೆಯ ಪ್ರಬಂಧವಾಗಿ ಬೀರುವಿನಲ್ಲಿ ನಿಂತುಬಿಡಬಹುದಿತ್ತು. ನಮ್ಮ ಕಾಲೇಜುಗಳ ಲೈಬ್ರರಿಗಳಲ್ಲಿ ಕಪ್ಪು ರಟ್ಟಿಗೆ ಚಿನ್ನದ ಬಣ್ಣದ ಅಕ್ಷರ ಒತ್ತಿಸಿದ ಥೀಸಿಸ್ಸುಗಳನ್ನು ನೀವು ನೋಡಿರಬಹುದು. ಕೋಲಾರದ ಫ್ಲೋರೈಡ್ ನೀರು, ಪಾವಗಡದ ಮೂಳೆ ಕಾಯಿಲೆ, ಎಲ್ಲದರ ಮೇಲೂ ರೋಗಿಗಳು ರಕ್ತ ಕೊಟ್ಟಿದ್ದಾರೆ, ಎಕ್ಸ್‌ರೇಗೆ ನಿಂತಿದ್ದಾರೆ, ಹೆಬ್ಬೆಟ್ಟು ಒತ್ತಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕ ತೆಗೆಯುವವರು ಅಪರೂಪ. ಊರಿನ ಋಣ ಎಂದಿರಲ್ಲ, ನನ್ನ ಮಟ್ಟಿಗೆ ಆ ಋಣ ಇಲ್ಲಿಯೂ ಇದೆ. ಆ ಹೆಬ್ಬೆಟ್ಟುಗಳಿಗೆ ಏನು ವಾಪಸು ಕೊಟ್ಟೆವು?

ಭಾನ್ ಅವರು ವಾಪಸು ಕೊಡುವ ದಾರಿ ಹುಡುಕಿದರು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸಂಸ್ಥೆಗಳು, ಹೈದರಾಬಾದಿನ ಭಾರತ್ ಬಯೋಟೆಕ್ ಒಂದೇ ಹಗ್ಗಕ್ಕೆ ಕೈ ಹಾಕಿದವು. ಒಂದು ಡೋಸಿನ ಬೆಲೆ ಒಂದು ಡಾಲರ್ ಎಂದು ಕಂಪನಿ ಮಾತು ಕೊಟ್ಟಿತು. ದೆಹಲಿ, ಪುಣೆ, ವೆಲ್ಲೂರಿನಲ್ಲಿ ಸುಮಾರು 6,800 ಮಕ್ಕಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಜೀವನದ ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಲಸಿಕೆ ಶೇ. 56ರಷ್ಟು ತಡೆಯಿತು. 2015ರ ಮಾರ್ಚಿನಲ್ಲಿ ರೋಟಾವ್ಯಾಕ್ ಬಿಡುಗಡೆಯಾಯಿತು. 2016ರಲ್ಲಿ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ಶಿಶುವಿನ ಮಲದಲ್ಲಿ ಕಂಡದ್ದಕ್ಕೂ ಹಳ್ಳಿಯ ಮಗುವಿನ ನಾಲಿಗೆಗೆ ಬಿದ್ದ ಐದು ಹನಿಗೂ ನಡುವೆ ಸುಮಾರು ಮೂವತ್ತು ವರ್ಷ. ಭಾನ್ ಅವರು 2004ರಿಂದ 2012ರವರೆಗೆ ಅದೇ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಹೊಸ ಯೋಚನೆ ಇಟ್ಟುಕೊಂಡ ಸಂಶೋಧಕರಿಗೂ ಸಣ್ಣ ಕಂಪನಿಗಳಿಗೂ ಹಣ ಕೊಡುವ ಬೈರಾಕ್ ಸಂಸ್ಥೆ 2012ರಲ್ಲಿ ಶುರುವಾದದ್ದರ ಹಿಂದೆ ಅವರಿದ್ದರು. ಅದರ ಬಿಗ್ ಯೋಜನೆಯಲ್ಲಿ ಒಂದು ಯೋಚನೆಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನಮ್ಮ ತಾಲ್ಲೂಕು ಡಾಕ್ಟರಿಗೆ ಇದೂ ಗೊತ್ತಿರಲಿಲ್ಲ. 2020ರ ಜನವರಿಯಲ್ಲಿ ಭಾನ್ ತೀರಿಕೊಂಡರು. ಅವರು ರೋಗಿಯನ್ನು ಬಿಟ್ಟುಹೋದರು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಇನ್ನು ವಿದ್ಯೆ ಮಾರುವ ಮಾತು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ಸುಲಿನ್ ಕಂಡುಹಿಡಿದ ಡಾ. ಫ್ರೆಡರಿಕ್ ಬಾಂಟಿಂಗ್ ಅವರಿಗೂ ಇದೇ ಅಳುಕಿತ್ತು. ವೈದ್ಯನಾದವನು ಪೇಟೆಂಟಿಗೆ ಹೆಸರು ಕೊಡಬಾರದು ಎಂದು ಅವರು ಮೊದಲು ದೂರ ಉಳಿದರು. ಕೊನೆಗೆ 1923ರಲ್ಲಿ ಅವರೂ ಅವರ ಜೊತೆ ಕೆಲಸ ಮಾಡಿದ ಬೆಸ್ಟ್, ಕಾಲಿಪ್ ಅವರೂ ಇನ್ಸುಲಿನ್ನಿನ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಪುಕ್ಕಟೆ ಹಂಚಿಬಿಡಬಹುದಿತ್ತಲ್ಲ, ಪೇಟೆಂಟ್ ಯಾಕೆ ತೆಗೆದರು? ಬೇರೆ ಯಾರೋ ಅದರ ಮೇಲೆ ಹಕ್ಕು ಸ್ಥಾಪಿಸಿ ಎಲ್ಲರ ದಾರಿ ಮುಚ್ಚಬಾರದೆಂದು, ಕಳಪೆ ಮಾಲು ಇನ್ಸುಲಿನ್ ಹೆಸರಿನಲ್ಲಿ ಮಾರಾಟವಾಗಬಾರದೆಂದು. ಬೇಲಿ ಹಾಕಿದ್ದು ಹೊಲ ಕಾಯಲು.

ನಮ್ಮ ಕಾಯ್ದೆಯೂ ಒಂದು ಗೆರೆ ಎಳೆದಿದೆ. ಮನುಷ್ಯರಿಗೆ ಚಿಕಿತ್ಸೆ ಕೊಡುವ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಇಲ್ಲ, 3ನೇ ಸೆಕ್ಷನ್ ಅದನ್ನು ಹೊರಗಿಟ್ಟಿದೆ. ನಿಮ್ಮ ಮಗಳು ಉಬ್ಬಸದ ಮಗುವನ್ನು ಹಿಡಿದುಕೊಳ್ಳುವ ಒಂದು ಹೊಸ ರೀತಿ ಕಂಡುಕೊಂಡರೆ ಅದು ಎಲ್ಲ ಡಾಕ್ಟರುಗಳ ಸೊತ್ತು. ಅದಕ್ಕೆಂದು ಮಾಡಿದ ಉಪಕರಣಕ್ಕೆ ಮಾತ್ರ ಪೇಟೆಂಟ್ ಕೇಳಬಹುದು. ಆ ಉಪಕರಣವನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂದು ಬರೆಯುವ ಕೈ ಯಾರದು ಎಂಬುದೇ ಇಡೀ ವಿಷಯದ ಹೂರಣ. ಸರ್ಕಾರಿ ಆಸ್ಪತ್ರೆಗೆ ಇಂತಿಷ್ಟೇ ಬೆಲೆ, ಎರಡು ವರ್ಷದಲ್ಲಿ ತಯಾರಿಸದಿದ್ದರೆ ಹಕ್ಕು ವಾಪಸ್, ಒಬ್ಬರಿಗೇ ಕೊಡದೆ ನಾಲ್ವರಿಗೆ ಕೊಡುವುದು, ಇವೆಲ್ಲ ಲೈಸೆನ್ಸಿನಲ್ಲಿ ಬರೆಯಬಹುದಾದ ಸಾಲುಗಳು. ರಾತ್ರಿ ಪಾಳಿಯಲ್ಲಿ ಔಷಧಿ ಚೀಟಿ ಹಿಡಿದು ಅತ್ತ ತಾಯಂದಿರನ್ನು ನೋಡಿದವರು ಆ ಸಾಲುಗಳನ್ನು ಬರೆಯುವುದು ನನಗೆ ಬೇಕು. ಬರೇ ಲಾಭದ ಲೆಕ್ಕ ಬಲ್ಲವರು ಬರೆದರೆ ಆಗ ನಿಮ್ಮ ಭಯ ನಿಜವಾಗುತ್ತದೆ.

ಆದರೆ ಮಗಳಿಗೆ ಒಂದೆರಡು ಎಚ್ಚರಿಕೆ ಹೇಳಿ. ಪತ್ರಿಕೆಗಳಲ್ಲಿ "ಕಾಲೇಜಿಗೆ ಪೇಟೆಂಟ್" ಎಂದು ಹಾರ ಹಾಕಿದ ಫೋಟೊ ಬರುತ್ತದಲ್ಲ, ಎಷ್ಟೋ ಸಲ ಅದು ಅರ್ಜಿ ಪ್ರಕಟವಾದ ಸುದ್ದಿ ಅಷ್ಟೆ. ಹಾಕಿದ ಅರ್ಜಿ 18 ತಿಂಗಳಿಗೆ ತಾನಾಗಿ ಪ್ರಕಟವಾಗುತ್ತದೆ, ಮಂಜೂರಾಗುವುದು ಬೇರೆ ಮಾತು. ರ‍್ಯಾಂಕಿಂಗ್‌ನಲ್ಲಿ ಅಂಕ ಸಿಗುತ್ತದೆಂದು ಅರ್ಜಿಗಳ ರಾಶಿ ಹಾಕಿಸುವ ಸಂಸ್ಥೆಗಳಿವೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ. 80 ರಿಯಾಯಿತಿಯೂ ಇದೆ, ಆನ್‌ಲೈನ್ ಅರ್ಜಿಗೆ 1,600 ರೂಪಾಯಿ ಸಾಕು. ಅರ್ಜಿ ಹಾಕುವುದು ಸುಲಭವಾದಷ್ಟೂ ಯಾವುದಕ್ಕೆ ಹಾಕಬಾರದು ಎಂದು ಹೇಳುವ ಎದೆಗಾರಿಕೆ ಬೇಕಾಗುತ್ತದೆ. ಸೇರುವ ಮೊದಲು ಕೇಳಲಿ: ಈವರೆಗೆ ನಿಮ್ಮ ಎಷ್ಟು ಪೇಟೆಂಟ್ ನಿಜವಾಗಿ ಯಾರ ಕೈಗೆ ಹೋಗಿದೆ? ಬಂದ ರಾಯಧನದಲ್ಲಿ ಸಂಶೋಧಕರಿಗೆ ಎಷ್ಟು, ವಿಭಾಗಕ್ಕೆ ಎಷ್ಟು? ಬೇಡ ಎಂದು ಹೇಳುವ ಅಧಿಕಾರ ನನಗಿದೆಯೇ? ತನ್ನ ಕಂಪನಿಯ ಉಪಕರಣವನ್ನು ತನ್ನ ರೋಗಿಗಳ ಮೇಲೆ ತಾನೇ ಪರೀಕ್ಷಿಸಲು ಹೊರಟ ಪ್ರಾಧ್ಯಾಪಕರನ್ನು ತಡೆಯುವವರು ಯಾರು? ಆ ಸಂಸ್ಥೆಯ ನಿಯಮ ಪುಸ್ತಕವನ್ನು ಪೂರ್ತಿ ಓದಲಿ. ಆಗಲೇ ಹೇಳಿದೆನಲ್ಲ, ಕಾಯ್ದೆ ಇಲ್ಲದ ಕಡೆ ಆ ಪುಸ್ತಕವೇ ಎಲ್ಲ.

ಇನ್ನೊಂದು ಮಾತು, ಇದು ಅಪ್ಪನಾಗಿ ನೀವು ಕೇಳಬಹುದಾದದ್ದು. ವಾರಕ್ಕೆ ಒಂದು ದಿನವಾದರೂ ಒಪಿಡಿ ಇಟ್ಟುಕೊಳ್ಳಲಿ, ಅದನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಲಿ. ರೋಗಿಗಳ ಒಡನಾಟ ಬಿಟ್ಟುಹೋದರೆ, ಬಂದ ಉಪಕರಣ ನರ್ಸಮ್ಮನ ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಮೂರು ನಾಲ್ಕು ವರ್ಷದಲ್ಲಿ ಮಂಕಾಗುತ್ತದೆ. ಅವರನ್ನು ಕರೆದಿರುವುದೇ ಆ ಶಕ್ತಿಗಾಗಿ.

ಅವರು ಮಧುಗಿರಿಗೆ ಬರುವಾಗ ತುಮಕೂರಿನಲ್ಲಿ ಇಳಿದು ನಮ್ಮ ಕಚೇರಿಗೆ ಬರಲು ಹೇಳಿ, ನೀವೂ ಬನ್ನಿ. ಆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ನಿನ್ನೆ ಫೋನ್ ಮಾಡಿದ್ದೆ. ಹಲಗೆಯ ಕೊಂಡಿಯನ್ನು ಈಗ ಬೇರೆ ರೀತಿ ಮಾಡಿಸಿದ್ದಾರಂತೆ, ಟ್ಯೂಬು ಬೆಚ್ಚಗೆ ಉಳಿಯಲು ಏನೋ ಹೊಸದು ಸೇರಿಸಿದ್ದಾರಂತೆ. ಅದನ್ನು ಇನ್ನೂ ಎಲ್ಲೂ ತೋರಿಸಿಲ್ಲ ಎಂದರು. ಒಂದು ತಿಂಗಳು ಯಾರಿಗೂ ತೋರಿಸಬೇಡಿ ಎಂದು ಹೇಳಿಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ಅವರು ಸಿಗುತ್ತಾರೆ.

ಇಂತಿ,
ಸಂಪಾದಕ